ಒಂದು ವರದಿ, ಓದುವವರು ಇಬ್ಬರು: ವಂಶವಾಹಿ ಪರೀಕ್ಷೆ ಮತ್ತು ದಾಂಪತ್ಯ

ಯಶವಂತಪುರದ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಮಂಡಿ ಇಟ್ಟುಕೊಂಡಿರುವ ನನ್ನ ವಯಸ್ಸಿನವರು ಭಾರತೀಯ ವಿಜ್ಞಾನ ಸಂಸ್ಥೆಯನ್ನು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವುದು ರೂಢಿ. ಅದರ ಕಾಂಪೌಂಡಿನ ಪಕ್ಕದಲ್ಲಿ ವರ್ಷಗಟ್ಟಲೆ ಓಡಾಡಿಯೂ, ಅದರೊಳಗೆ ನಡೆದ ಒಂದು ಕೆಲಸವು ನಮ್ಮ ಮನೆಗಳ ಮದುವೆ ಮಾತುಕತೆಗೆ ಎಷ್ಟು ಹತ್ತಿರವಾದುದೆಂಬುದು ನನಗೆ ತಿಳಿದದ್ದು ತೀರ ತಡವಾಗಿ. 1980ರ ದಶಕದಲ್ಲಿ ಅಲ್ಲಿಯ ಜೀವರಸಾಯನ ವಿಭಾಗದ ಪ್ರೊಫೆಸರ್ ಎನ್. ಅಪ್ಪಾಜಿ ರಾವ್ ಅವರೂ ಅವರ ಸಹೋದ್ಯೋಗಿಗಳೂ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ಹುಟ್ಟಿದ ಹಸುಗೂಸುಗಳ ರಕ್ತವನ್ನು ಪರೀಕ್ಷಿಸಿ, ಹುಟ್ಟಿನಿಂದಲೇ ಬರುವ ಕೆಲವು ದೋಷಗಳನ್ನು ಹುಡುಕಿದರು. ಜೊತೆಗೆ, ಹೆರಿಗೆಯಾದ ತಾಯಂದಿರನ್ನು ಗಂಡನು ಮದುವೆಗೆ ಮೊದಲು ಸಂಬಂಧದಲ್ಲಿ ಏನಾಗಬೇಕಿತ್ತೆಂದು ವಿಚಾರಿಸಿ ದಾಖಲಿಸಲಾಯಿತು. ಲಕ್ಷಕ್ಕೂ ಮೀರಿದ ಮದುವೆಗಳ ಈ ಲೆಕ್ಕದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ರಕ್ತಸಂಬಂಧದೊಳಗಿನದಾಗಿತ್ತು; ಅವುಗಳಲ್ಲಿಯೂ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಟ್ಟ ಮದುವೆಗಳು ಬಹಳವಿದ್ದವು. 1991ರಲ್ಲಿ ಎ.ಎಚ್. ಬಿಟ್ಲ್ಸ್ ಮೊದಲಾದವರೊಡನೆ ಅಪ್ಪಾಜಿ ರಾವ್ ಅವರು ಇಂತಹ ಮದುವೆಗಳನ್ನು ಕುರಿತು ಬರೆದ ಲೇಖನವು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆ ಸಂಶೋಧನೆಯ ಮಹತ್ವವನ್ನು ಬಲ್ಲವರು ಬಲ್ಲರು. ಆದರೆ ಒಂದು ಸಣ್ಣ ಸಂಗತಿ ನನ್ನ ಮನಸ್ಸಿನಲ್ಲಿ ಉಳಿದುಕೊಂಡಿತು. ಪ್ರಶ್ನೆಗೆ ಉತ್ತರ ಕೊಟ್ಟವಳು ಬಾಣಂತಿ. ಹೆರಿಗೆ ವಾರ್ಡಿನಲ್ಲಿ ಬೇರೆ ಯಾರನ್ನು ಕೇಳಲು ಸಾಧ್ಯವಿತ್ತು ಎಂಬುದೂ ಸರಿಯೇ. ಆದರೆ ಮನೆಗೆ ಬಂದ ಮೇಲೆ, ಮಗುವಿನಲ್ಲಿ ದೋಷವಿದೆಯೆಂದು ತಿಳಿದಾಗಲೂ, ಪ್ರಶ್ನೆಗೆ ಉತ್ತರ ಕೊಡಬೇಕಾದವಳು ಅವಳೇ ಆಗಿಬಿಡುತ್ತಾಳೆ. ‘ಇದು ಯಾರ ಕಡೆಯಿಂದ ಬಂತು?’ ಎಂಬ ಮಾತು ನಮ್ಮ ಮನೆಗಳಲ್ಲಿ ಹೊಸದಲ್ಲ. ವಂಶವಾಹಿ ಪರೀಕ್ಷೆಯ ವರದಿಯ ಮೇಲೆ ಹೆಸರಿರುವುದು ಒಬ್ಬರದು. ಅದರ ಭಾರವನ್ನು ಹೊರಬೇಕಾದವರು ಇಬ್ಬರು. ಆ ಇಬ್ಬರೂ ಅದನ್ನು ಕೂಡಿ ಹೊತ್ತರೋ, ಒಬ್ಬರ ತಲೆಯ ಮೇಲೆ ಮತ್ತೊಬ್ಬರು ಹೊರಿಸಿದರೋ ಎಂಬುದು ಅವರ ಸ್ವಭಾವವನ್ನು ಮಾತ್ರ ಅವಲಂಬಿಸಿಲ್ಲ. ಯಾವಾಗ, ಯಾರ ಮುಂದೆ, ಯಾವ ಮಾತಿನಲ್ಲಿ ಫಲಿತಾಂಶವನ್ನು ಹೇಳಲಾಯಿತು ಎಂಬುದನ್ನೂ ಅವಲಂಬಿಸಿದೆ. ಕಳೆದ ಐವತ್ತು–ಅರವತ್ತು ವರ್ಷಗಳ ಇತಿಹಾಸವನ್ನು ಈ ಒಂದು ದೃಷ್ಟಿಯಿಂದ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ವಿಷಯವನ್ನು ವ್ಯಾಪಾರಿಯ ಭಾಷೆಯಲ್ಲಿ ಹೇಳುತ್ತೇನೆ. ನಮ್ಮ ದೇಹದ ಬಹುತೇಕ ವಂಶವಾಹಿಗಳು ಜೋಡಿ ಪ್ರತಿಗಳಲ್ಲಿರುತ್ತವೆ. ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ. ಥಲಸ್ಸೀಮಿಯಾದಂತಹ ರೋಗಗಳಲ್ಲಿ ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಪ್ರತಿಯಿಂದ ವ್ಯವಹಾರ ನಡೆದುಹೋಗುತ್ತದೆ. ಅಂತಹವನು ವಾಹಕನೇ ಹೊರತು ರೋಗಿಯಲ್ಲ; ಅವನು ಮಂಡಿಯಲ್ಲಿ ಮೂಟೆ ಹೊರಬಲ್ಲ, ನೂರು ವರ್ಷ ಬಾಳಬಲ್ಲ. ಗಂಡಹೆಂಡಿರಿಬ್ಬರೂ ವಾಹಕರಾದಾಗ ಮಾತ್ರ ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲೊಂದು ಪಾಲು ರೋಗದ ಸಂಭವವಿದೆ. ಇಲ್ಲಿ ವಿದ್ಯಾವಂತರೂ ತಪ್ಪುವುದನ್ನು ಕಂಡಿದ್ದೇನೆ: ನಾಲ್ಕು ಮಕ್ಕಳಾದರೆ ಒಂದಕ್ಕೆ ರೋಗ, ಉಳಿದ ಮೂರು ನಿಶ್ಚಿಂತೆ ಎಂದಲ್ಲ. ಪ್ರತಿ ಗರ್ಭಕ್ಕೂ ಲೆಕ್ಕ ಹೊಸದು. ಹಿಂದಿನ ಬಾಕಿ ಮುಂದಕ್ಕೆ ಬರುವುದಿಲ್ಲ.

ರಕ್ತಸಂಬಂಧದ ಮದುವೆಯಲ್ಲಿ ಇಬ್ಬರಿಗೂ ಒಬ್ಬನೇ ಪೂರ್ವಜನಿಂದ ಒಂದೇ ದೋಷ ಬಂದಿರುವ ಸಂಭವ ಹೆಚ್ಚು. ಕನ್ನಡನಾಡಿನ ಜೈನ ಮನೆಗಳಲ್ಲಿಯೂ ಸೋದರಮಾವನ ಮಗಳನ್ನು ತರುವ ವಾಡಿಕೆ ಇದ್ದೇ ಇತ್ತು. ಗೋತ್ರ ಬಿಟ್ಟು ಮದುವೆಯಾಗುವ ಮಾರವಾಡ, ಗುಜರಾತು ಮೂಲದ ನಮ್ಮ ಬಂಧುಗಳು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ತಿಳಿಯಬಹುದು. ಆದರೆ 2017ರಲ್ಲಿ ಹೈದರಾಬಾದಿನ ಕುಮಾರಸ್ವಾಮಿ ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ ಅವರ ತಂಡವು ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ಪರಿಶೀಲಿಸಿ, ಅವುಗಳಲ್ಲಿ 81 ಸಮುದಾಯಗಳು ಬಹಳ ಹಿಂದೆ ಕೆಲವೇ ಪೂರ್ವಜರಿಂದ ಕವಲೊಡೆದು, ಅಲ್ಲಿಂದೀಚೆಗೆ ತಮ್ಮೊಳಗೇ ಕೊಟ್ಟುತಂದು ಮಾಡಿಕೊಂಡು ಬಂದವೆಂದು ತೋರಿಸಿತು. ನಮ್ಮಂತೆಯೇ ವ್ಯಾಪಾರದ ಕುಲದವರಾದ ವೈಶ್ಯರ ಉದಾಹರಣೆ ಇದರಲ್ಲಿ ಪ್ರಸಿದ್ಧ: ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧಿಯನ್ನು ಕರಗಿಸುವ ಶಕ್ತಿ ಅವರಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಇಲ್ಲ. ಗೋತ್ರ ಬೇರೆಯಾದ ಮಾತ್ರಕ್ಕೆ ಮೂಲಪುರುಷರೂ ಬೇರೆಯಾದರೆಂದು ಹೇಳಲಾಗದು.

ಈಗ ಇತಿಹಾಸಕ್ಕೆ ಬರೋಣ. ಗ್ರೀಸ್ ದೇಶದ ಓರ್ಖೊಮೆನೊಸ್ ಎಂಬ ಊರಿನಲ್ಲಿ ಕುಡಗೋಲು ಕಣದ ರಕ್ತದೋಷವು ಹೆಚ್ಚಾಗಿತ್ತು. ಸುಮಾರು ನಾಲ್ವರಲ್ಲೊಬ್ಬರು ವಾಹಕರು. ಸ್ಟಾಮಟೊಯನೊಪೌಲೋಸ್ ಎಂಬ ವೈದ್ಯರ ತಂಡವು ಊರಿನವರ ರಕ್ತವನ್ನು ಪರೀಕ್ಷಿಸಿ, ಪ್ರತಿಯೊಬ್ಬರಿಗೂ ಅವರವರ ಫಲಿತಾಂಶವನ್ನು ತಿಳಿಸಿ, ವಾಹಕರು ವಾಹಕರನ್ನು ಮದುವೆಯಾಗದಿರಲೆಂದು ಬುದ್ಧಿ ಹೇಳಿತು. ಉದ್ದೇಶ ಒಳ್ಳೆಯದು, ಲೆಕ್ಕ ಸರಿಯಾದುದು. ಕೆಲವು ವರ್ಷಗಳ ಮೇಲೆ ಮರಳಿ ಹೋಗಿ ನೋಡಿದರೆ ಕಂಡದ್ದೇನು? ವಾಹಕರಿಗೆ ಊರಿನಲ್ಲಿ ಕಳಂಕ ಅಂಟಿತ್ತು. ಅನೇಕರು ತಮ್ಮ ಫಲಿತಾಂಶವನ್ನು ಮುಚ್ಚಿಟ್ಟೇ ಮದುವೆಯಾಗಿದ್ದರು. ವಾಹಕರಿಬ್ಬರು ಕೂಡಿದ ಮದುವೆಗಳ ಸಂಖ್ಯೆ ಪರೀಕ್ಷೆಯೇ ನಡೆಯದಿದ್ದರೆ ಎಷ್ಟಿರಬಹುದಿತ್ತೋ ಅಷ್ಟೇ ಇತ್ತು. 1974ರಲ್ಲಿ ಆ ವೈದ್ಯರೇ ಇದನ್ನು ಪ್ರಾಮಾಣಿಕವಾಗಿ ಬರೆದರು. ತನ್ನ ಸೋಲನ್ನು ತಾನೇ ಅಚ್ಚು ಹಾಕಿಸುವ ವಿದ್ವಾಂಸರು ವಿರಳ. ಆ ಕಾರಣಕ್ಕಾಗಿಯೇ ಅವರ ಮೇಲೆ ನನಗೆ ಗೌರವ.

ಸೈಪ್ರಸ್ ದ್ವೀಪದ ಕಥೆ ಬೇರೆ. ಅಲ್ಲಿ ಆರೇಳು ಜನರಲ್ಲೊಬ್ಬರು ಥಲಸ್ಸೀಮಿಯಾ ವಾಹಕರು. ರೋಗಿಗಳ ಸಂಖ್ಯೆ ಹೀಗೆಯೇ ಬೆಳೆದರೆ ಅವರಿಗೆ ಬೇಕಾಗುವ ರಕ್ತವನ್ನೂ ಔಷಧಿಯನ್ನೂ ದೇಶವು ಒದಗಿಸಲಾರದೆಂದು 1970ರ ದಶಕದಲ್ಲಿಯೇ ಅಲ್ಲಿಯವರು ಲೆಕ್ಕ ಹಾಕಿದ್ದರು. 1980ರ ದಶಕದ ಆರಂಭದಲ್ಲಿ ಅಲ್ಲಿಯ ಆರ್ಥೊಡಾಕ್ಸ್ ಚರ್ಚು, ಪರೀಕ್ಷೆಯ ಪ್ರಮಾಣಪತ್ರವಿಲ್ಲದೆ ಮದುವೆ ಮಾಡಿಸುವುದಿಲ್ಲವೆಂದು ನಿಯಮ ಮಾಡಿತು. ದೇವಾಲಯಗಳ ವಿಶ್ವಸ್ತರು ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಆ ಪ್ರಮಾಣಪತ್ರದಲ್ಲಿ ಫಲಿತಾಂಶವೇ ಇರಲಿಲ್ಲ! ಇವರಿಬ್ಬರೂ ಪರೀಕ್ಷೆ ಮಾಡಿಸಿಕೊಂಡು ವೈದ್ಯರ ಸಲಹೆ ಪಡೆದಿದ್ದಾರೆ ಎಂದಷ್ಟೇ ಇರುತ್ತಿತ್ತು. ಪಾದ್ರಿಗೆ ಗೊತ್ತಾಗುತ್ತಿರಲಿಲ್ಲ, ಬೀಗರಿಗೆ ಗೊತ್ತಾಗುತ್ತಿರಲಿಲ್ಲ. ವಧೂವರರಿಗೆ ಮಾತ್ರ ಗೊತ್ತು. ಇಬ್ಬರೂ ವಾಹಕರೆಂದು ತಿಳಿದ ಜೋಡಿಗಳಲ್ಲಿ ಬಹುಪಾಲಿನವರು ಮದುವೆಯನ್ನು ಮುರಿದುಕೊಳ್ಳಲಿಲ್ಲ. ಮದುವೆಯಾಗಿ, ಗರ್ಭದಲ್ಲಿಯೇ ಪರೀಕ್ಷೆ ಮಾಡಿಸುವ ದಾರಿ ಹಿಡಿದರು. ಆ ದಶಕ ಮುಗಿಯುವ ಹೊತ್ತಿಗೆ ದ್ವೀಪದಲ್ಲಿ ರೋಗವಿರುವ ಮಕ್ಕಳ ಜನನವು ಬಹುಮಟ್ಟಿಗೆ ನಿಂತೇಹೋಯಿತು.

ಮೂರನೆಯ ದಾರಿಯೊಂದನ್ನು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಯಹೂದಿ ಧರ್ಮಗುರು ಜೋಸೆಫ್ ಎಕ್‌ಸ್ಟೀನ್ ಕಂಡುಕೊಂಡರು. ಟೇ–ಸ್ಯಾಕ್ಸ್ ಎಂಬ ರೋಗದಿಂದ ನಾಲ್ಕು ಮಕ್ಕಳನ್ನು ಕಳೆದುಕೊಂಡಿದ್ದ ಅವರು 1983ರಲ್ಲಿ ‘ಡೋರ್ ಯೆಶೊರಿಮ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅಲ್ಲಿ ಯುವಕ ಯುವತಿಯರಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಸಂಬಂಧ ಕೂಡಿಬರುವಾಗ ಎರಡೂ ಸಂಖ್ಯೆಗಳನ್ನು ತಿಳಿಸಿದರೆ ಈ ಜೋಡಿ ಹೊಂದುತ್ತದೆ ಅಥವಾ ಹೊಂದುವುದಿಲ್ಲ ಎಂದಷ್ಟೇ ಉತ್ತರ ಬರುತ್ತದೆ. ಹೊಂದುವ ಜೋಡಿಯಲ್ಲಿ ಒಬ್ಬರು ವಾಹಕರಿದ್ದರೂ ಅದು ಅವರಿಗೇ ತಿಳಿಯುವುದಿಲ್ಲ. ತನ್ನ ದೇಹದ ಸಂಗತಿಯನ್ನು ತನಗೇ ಹೇಳದಿರುವುದು ಸರಿಯೇ ಎಂದು ಟೀಕಿಸಿದವರುಂಟು. ನನಗೂ ಆ ಟೀಕೆಯಲ್ಲಿ ಸತ್ಯಾಂಶ ಕಾಣುತ್ತದೆ. ಆದರೆ ಪರೀಕ್ಷಿಸಬೇಕಾದುದು ಜೋಡಿಯನ್ನು, ವ್ಯಕ್ತಿಯನ್ನಲ್ಲ ಎಂಬ ಅವರ ಮೂಲ ಯೋಚನೆಯನ್ನು ತಳ್ಳಿಹಾಕಲಾಗದು.

ಇದನ್ನೆಲ್ಲ ನಾನು ಓದಿದ್ದು ಒಂದು ತಪ್ಪು ಮಾಡಿದ ಮೇಲೆ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ವಧೂವರ ಮಾಹಿತಿ ಸಮಿತಿಯಲ್ಲಿ ನಾನಿದ್ದೆ. ಪರಿಚಿತರೊಬ್ಬರ ಮಗನಿಗೆ ಕಾಲೇಜಿನ ರಕ್ತದಾನ ಶಿಬಿರದ ನಂತರದ ಪರೀಕ್ಷೆಯಲ್ಲಿ ‘ಥಲಸ್ಸೀಮಿಯಾ ಮೈನರ್’ ಎಂದು ಬಂದಿತ್ತು. ತಂದೆ ನನ್ನ ಕಿವಿಯಲ್ಲಿ ಹೇಳಿದ ಮಾತನ್ನು ನಾನು ಸತ್ಯವ್ರತದ ಹೆಸರಿನಲ್ಲಿ ನೋಂದಣಿ ಪುಸ್ತಕದ ಷರಾ ಅಂಕಣದಲ್ಲಿ ಬರೆದೆ. ಹೆಣ್ಣಿನ ಕಡೆಯವರು ಓದಿದರು. ಅವರು ಓದಿದ್ದು ‘ಹುಡುಗನಿಗೆ ರಕ್ತದ ಕಾಯಿಲೆ’ ಎಂದು. ನಿಶ್ಚಿತಾರ್ಥದ ಹಂತಕ್ಕೆ ಬಂದಿದ್ದ ಸಂಬಂಧ ಮುರಿಯಿತು. ಹುಡುಗಿಯ ರಕ್ತವನ್ನು ಯಾರೂ ಪರೀಕ್ಷಿಸಲೇ ಇಲ್ಲ. ಅವಳು ವಾಹಕಳಲ್ಲದಿದ್ದರೆ ಅವರ ಮಕ್ಕಳಿಗೆ ಈ ರೋಗದ ಭಯವೇ ಇರುತ್ತಿರಲಿಲ್ಲ. ಅರ್ಧ ಲೆಕ್ಕವನ್ನು ಪೂರ್ತಿ ಲೆಕ್ಕವೆಂದು ತೋರಿಸಿದ ಗುಮಾಸ್ತನನ್ನು ನಾನಾಗಿದ್ದರೆ ಮಂಡಿಯಿಂದ ಬಿಡಿಸುತ್ತಿದ್ದೆ. ಓರ್ಖೊಮೆನೊಸ್ ಊರಿನಲ್ಲಿ ನಡೆದದ್ದನ್ನೇ ನಾನು ಒಂದು ಹಾಳೆಯಲ್ಲಿ ಮಾಡಿದ್ದೆ. ಆ ಹುಡುಗನ ವಿಷಯಕ್ಕೆ ಮತ್ತೆ ಬರುತ್ತೇನೆ.

ಥಲಸ್ಸೀಮಿಯಾದಲ್ಲಿ ಇಬ್ಬರ ಪಾಲೂ ಸಮನಾದುದರಿಂದ ದಂಪತಿಗಳು ಒಬ್ಬರ ಕೈ ಒಬ್ಬರು ಹಿಡಿಯುವುದು ಸ್ವಲ್ಪ ಸುಲಭ. ಹಿಮೋಫಿಲಿಯಾದಲ್ಲಿ ಹಾಗಲ್ಲ. ದೋಷವು ತಾಯಿಯಿಂದ ಬರುತ್ತದೆ, ರೋಗವು ಹೆಚ್ಚಾಗಿ ಗಂಡುಮಗುವಿಗೆ ಬರುತ್ತದೆ. ‘ಯಾರ ಕಡೆಯಿಂದ’ ಎಂಬ ಪ್ರಶ್ನೆಗೆ ಪ್ರಯೋಗಾಲಯವೇ ಉತ್ತರ ಕೊಟ್ಟಂತಾಗಿಬಿಡುತ್ತದೆ. ಆದರೆ ಸುಮಾರು ಮೂರರಲ್ಲೊಂದು ಪಾಲು ರೋಗಿಗಳ ಮನೆತನದಲ್ಲಿ ಹಿಂದೆ ಈ ರೋಗವೇ ಇರುವುದಿಲ್ಲ, ದೋಷವು ಹೊಸದಾಗಿ ಹುಟ್ಟಿಕೊಂಡಿರುತ್ತದೆ ಎಂಬುದನ್ನು ಅತ್ತೆಮಾವಂದಿರಿಗೆ ಹೇಳುವವರು ಬೇಕು. ದಾವಣಗೆರೆಯಲ್ಲಿ ಡಾ. ಸುರೇಶ್ ಹನಗವಾಡಿಯವರು ಸ್ವತಃ ಈ ರೋಗದೊಡನೆ ಬಾಳುತ್ತ, ವೈದ್ಯರಾಗಿ, ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ಮೂಲಕ ಇಂತಹ ಕುಟುಂಬಗಳಿಗೆ ಆಸರೆಯಾದುದು ಈ ನಾಡಿನ ಹೆಮ್ಮೆ. ಇನ್ನು ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು. ಅಲ್ಲಿ 1974–75ರ ಸುಮಾರಿಗೆ ಜನರ ಕೀಲುಮೂಳೆಗಳನ್ನು ಸವೆಯಿಸುವ ರೋಗವು ಬೆಳಕಿಗೆ ಬಂದಾಗ, ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದು ಕಾರಣವೆಂದು ಮೊದಲು ಶಂಕಿಸಲಾಯಿತು. ಆಮೇಲೆ ಅದು ಆನುವಂಶಿಕವೆಂದೂ, ತಂದೆತಾಯಿಯರಲ್ಲಿ ಒಬ್ಬರಿಗಿದ್ದರೂ ಮಗುವಿಗೆ ಬರುವ ಸಂಭವ ಅರ್ಧಪಾಲೆಂದೂ ಖಚಿತವಾಯಿತು. ನಡಿಗೆಯಲ್ಲಿಯೇ ಕಾಣುವ ರೋಗ. ಅಲ್ಲಿ ಮುಚ್ಚಿಡಲು ವರದಿಯ ಕಾಗದವೂ ಇರಲಿಲ್ಲ.

ಇನ್ನೂ ಕಠಿಣವಾದುದು ಹಂಟಿಂಗ್ಟನ್ ರೋಗ. 1872ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಹಂಟಿಂಗ್ಟನ್ ವರ್ಣಿಸಿದ ಈ ರೋಗವು ಸಾಮಾನ್ಯವಾಗಿ ನಡುವಯಸ್ಸಿನಲ್ಲಿ, ಅಂದರೆ ಮದುವೆಯಾಗಿ ಮಕ್ಕಳಾದ ಮೇಲೆ, ತಲೆಯೆತ್ತುತ್ತದೆ. ಕೈಕಾಲು ತಾನಾಗಿ ಕುಣಿಯುತ್ತವೆ, ಬುದ್ಧಿ ಕುಂದುತ್ತದೆ, ವಾಸಿಯಾಗುವ ಚಿಕಿತ್ಸೆ ಇಲ್ಲ. 1968ರಲ್ಲಿ ಲಿಯೊನೋರ್ ವೆಕ್ಸ್ಲರ್ ಎಂಬ ಮಹಿಳೆಗೆ ಈ ರೋಗವೆಂದು ತಿಳಿಯಿತು. ಆ ವೇಳೆಗೆ ಅವರಿಗೂ ಪತಿ ಮಿಲ್ಟನ್ ವೆಕ್ಸ್ಲರರಿಗೂ ವಿಚ್ಛೇದನವಾಗಿತ್ತು. ಆದರೂ ಆ ಮನುಷ್ಯ ಕೈತೊಳೆದುಕೊಳ್ಳಲಿಲ್ಲ; ಈ ರೋಗದ ಸಂಶೋಧನೆಗೆಂದೇ ಒಂದು ಪ್ರತಿಷ್ಠಾನವನ್ನು ಕಟ್ಟಿದರು. ಮಗಳು ನ್ಯಾನ್ಸಿ ವೆನೆಜುವೆಲಾದ ಸರೋವರ ತೀರದ ದೊಡ್ಡ ಕುಟುಂಬಗಳಿಂದ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. 1983ರಲ್ಲಿ ದೋಷದ ಗುರುತು ಸಿಕ್ಕಿತು, 1993ರಲ್ಲಿ ವಂಶವಾಹಿಯೇ ಸಿಕ್ಕಿತು. ಪರೀಕ್ಷೆಯನ್ನು ಸಾಧ್ಯವಾಗಿಸಿದ ನ್ಯಾನ್ಸಿ ತಮಗೂ ರೋಗವಿದೆಯೆಂದು ಬಹಿರಂಗವಾಗಿ ಹೇಳಿದ್ದು 2020ರಲ್ಲಿ.

ಈ ಪರೀಕ್ಷೆ ಬಂದ ಮೇಲೆ ದಾಂಪತ್ಯಗಳಲ್ಲಿ ನಡೆದದ್ದನ್ನು ನೆದರ್ಲೆಂಡ್ಸ್‌ನ ಆಡ್ ಟಿಬೆನ್ ಮತ್ತು ಅವರ ಜೊತೆಗಾರರು 1990ರ ದಶಕದಲ್ಲಿ ಅಭ್ಯಾಸ ಮಾಡಿದರು. ಅವರು ಕಂಡದ್ದು ನನ್ನಂತಹವನ ಕಣ್ಣನ್ನೂ ತೆರೆಸಿತು. ದೋಷವಿರುವವರಿಗೆ ಎಷ್ಟು ಸಂಕಟವೋ ಅವರ ಗಂಡನಿಗೆ ಅಥವಾ ಹೆಂಡತಿಗೆ ಅಷ್ಟೇ ಸಂಕಟ, ಮಕ್ಕಳಿದ್ದರೆ ಮತ್ತಷ್ಟು. ಆದರೆ ಬಂಧುಮಿತ್ರರು ಕ್ಷೇಮ ವಿಚಾರಿಸುವುದು ರೋಗ ಬರಲಿರುವವರನ್ನು ಮಾತ್ರ. ಮುಂದೆ ಆರೈಕೆ ಮಾಡಬೇಕಾದ, ಮಕ್ಕಳನ್ನು ಒಂಟಿಯಾಗಿ ಸಾಕಬೇಕಾದ, ಮಕ್ಕಳಿಗೂ ಬಂದೀತೆಂದು ರಾತ್ರಿ ಎಚ್ಚರವಿರುವ ಆ ಇನ್ನೊಬ್ಬರು ಯಾರ ಲೆಕ್ಕಕ್ಕೂ ಬರುವುದಿಲ್ಲ. ದೋಷವಿಲ್ಲವೆಂದು ಬಂದ ಶುಭವಾರ್ತೆಯೂ ಎಲ್ಲರಿಗೂ ಸುಲಭವಾಗಿ ದಕ್ಕಲಿಲ್ಲವೆಂಬುದನ್ನು ಇತರ ದೇಶಗಳ ವೈದ್ಯರು ಗಮನಿಸಿದ್ದಾರೆ. ರೋಗ ಬಂದೇ ಬರುತ್ತದೆಂದು ಬಾಳನ್ನು ಅದಕ್ಕೆ ತಕ್ಕಂತೆ ಕಟ್ಟಿಕೊಂಡವನಿಗೆ, ಬರುವುದಿಲ್ಲವೆಂದಾಗ ಕಾಲ ಕೆಳಗಿನ ನೆಲವೇ ಸರಿದಂತಾಗುತ್ತದೆ; ಅಣ್ಣತಮ್ಮಂದಿರಿಗಿದ್ದು ತನಗಿಲ್ಲವೆಂಬ ಅಳುಕು ಬೇರೆ. 1994ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಗಳು, ಪರೀಕ್ಷೆಗೆ ಬರುವವರು ಮೊದಲ ಭೇಟಿಯಿಂದ ಕೊನೆಯವರೆಗೂ ಜೊತೆಗೊಬ್ಬರನ್ನು ಕರೆತರುವುದು ಒಳ್ಳೆಯದೆಂದವು. ನಿರ್ಧಾರ ಮಾತ್ರ ಪರೀಕ್ಷೆಗೊಳಗಾಗುವವರದೇ; ಗಂಡನಾಗಲಿ ಹೆಂಡತಿಯಾಗಲಿ ಒತ್ತಾಯ ಮಾಡಬಾರದು. ನಮ್ಮ ನಿಮ್ಹಾನ್ಸ್‌ನಲ್ಲಿಯೂ ಇಂತಹ ಕುಟುಂಬಗಳಿಗೆ ಸಲಹೆ ನೀಡುವ ವ್ಯವಸ್ಥೆ ಉಂಟು. ಪ್ರೊಫೆಸರ್ ಎಚ್. ಶರತ್‌ಚಂದ್ರ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಮಾನವ ತಳಿವಿಜ್ಞಾನ ಕೇಂದ್ರವು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೂಡಿ ವಿರಳ ರೋಗಗಳ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ನೋಡಿಕೊಳ್ಳುತ್ತಿದೆ.

ನಮ್ಮ ಉತ್ತರ ಬೆಂಗಳೂರಿಗೇ ಮರಳಿದರೆ, ಟಾಟಾ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕರು 2000ದಲ್ಲಿ ಆರಂಭಿಸಿದ ಸ್ಟ್ರ್ಯಾಂಡ್ ಎಂಬ ಸಂಸ್ಥೆಯು ಹೆಬ್ಬಾಳದ ಬಳ್ಳಾರಿ ರಸ್ತೆಯಲ್ಲಿ ನೆಲೆಗೊಂಡು, ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಕಾರಣವಾಗುವ ಬಿ.ಆರ್.ಸಿ.ಎ. ವಂಶವಾಹಿಗಳ ಪರೀಕ್ಷೆಯನ್ನು ನಡೆಸತೊಡಗಿತು. 2013ರಲ್ಲಿ ನಟಿ ಏಂಜಲೀನಾ ಜೋಲಿ ತಮ್ಮ ಫಲಿತಾಂಶವನ್ನು ಪತ್ರಿಕೆಯಲ್ಲಿ ಬರೆದಾಗ ಲೋಕವೆಲ್ಲ ಈ ಹೆಸರನ್ನು ಕೇಳಿತು. ಇದನ್ನು ಹೆಂಗಸರ ವಿಷಯವೆಂದು ತಿಳಿದವರಿಗೆ ಒಂದು ಮಾತು: ಈ ದೋಷವು ತಂದೆಯಿಂದಲೂ ಅಷ್ಟೇ ಪ್ರಮಾಣದಲ್ಲಿ ಮಕ್ಕಳಿಗೆ ಬರುತ್ತದೆ. ಹೆಂಡತಿಯ ತವರನ್ನು ಶಂಕಿಸುವ ಮೊದಲು ಗಂಡನು ತನ್ನ ಸೋದರತ್ತೆಯರು ಯಾವ ಕಾಯಿಲೆಯಿಂದ ತೀರಿಕೊಂಡರೆಂದು ನೆನೆದುಕೊಳ್ಳಲಿ.

ಕರ್ಮಸಿದ್ಧಾಂತದ ಮಾತನ್ನು ಇಲ್ಲಿ ಎತ್ತದೆ ವಿಧಿಯಿಲ್ಲ, ಏಕೆಂದರೆ ನಮ್ಮ ಮನೆಗಳಲ್ಲಿ ವರದಿ ಬಂದ ದಿನವೇ ಅದು ಎದ್ದುಬರುತ್ತದೆ. ಶರೀರದ ರಚನೆಯನ್ನು ನಮ್ಮ ಆಚಾರ್ಯರು ನಾಮಕರ್ಮದ ಫಲವೆಂದರು. ಆದರೆ ಒಬ್ಬ ಜೀವನ ಕರ್ಮವು ಇನ್ನೊಬ್ಬನಿಗೆ ಅಂಟದೆಂಬುದೂ ಅದೇ ಶಾಸ್ತ್ರದ ಮೂಲಪಾಠವಲ್ಲವೇ? ಮಗುವಿನ ರೋಗಕ್ಕೆ ಸೊಸೆಯ ಪಾಪ ಕಾರಣವೆನ್ನುವ ಹಿರಿಯರು ಸಿದ್ಧಾಂತವನ್ನು ಹೇಳುತ್ತಿಲ್ಲ. ತಮ್ಮ ಕೋಪಕ್ಕೆ ಸಿದ್ಧಾಂತದ ಹೊದಿಕೆ ಹೊದಿಸುತ್ತಿದ್ದಾರೆ.

ಇನ್ನು ಆ ಹುಡುಗನ ವಿಷಯ. ಎರಡು ವರ್ಷಗಳ ಮೇಲೆ ಅವನಿಗೆ ದೂರದ ನಂಟಿನಲ್ಲಿಯೇ ಬೇರೊಂದು ಸಂಬಂಧ ಬಂದಿತು. ಈ ಸಲ ಅವನು ಯಾವ ಸಮಿತಿಯನ್ನೂ ನಂಬಲಿಲ್ಲ. ಹುಡುಗಿಗೆ ತಾನೇ ಹೇಳಿದ. ಇಬ್ಬರೂ ಕೂಡಿ ಹೋಗಿ ಅವಳ ರಕ್ತವನ್ನೂ ಕೊಟ್ಟುಬಂದರು. ಅವಳೂ ವಾಹಕಳೆಂದು ಬಂತು. ಹಿರಿಯರು ಹಿಂಜರಿದರು, ಅವರಿಬ್ಬರು ಹಿಂಜರಿಯಲಿಲ್ಲ. ನನ್ನನ್ನು ಮದುವೆಗೆ ಕರೆದರು. ಅದು ಅವರ ದೊಡ್ಡತನ.

ಗರ್ಭ ನಿಂತ ಮೇಲೆ ಹನ್ನೊಂದನೆಯ ವಾರದಲ್ಲಿ ಗರ್ಭಕೋಶದೊಳಗಿನ ಸಣ್ಣ ಅಂಶವನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ಇಂತಹ ಪರೀಕ್ಷೆಯು 1994ರ ಕಾಯಿದೆಗೆ ಒಳಪಟ್ಟದ್ದು. ಗರ್ಭಿಣಿಗೆ ಅರ್ಥವಾಗುವ ಭಾಷೆಯಲ್ಲಿ ಅವಳ ಲಿಖಿತ ಒಪ್ಪಿಗೆ ಬೇಕು, ಶಿಶು ಗಂಡೋ ಹೆಣ್ಣೋ ಎಂದು ಹೇಳಕೂಡದು. ಕಾಯಿದೆ ಕೇಳುವ ಸಹಿ ಅವಳೊಬ್ಬಳದೇ. ಅವನು ತನ್ನ ಸಹಿಯನ್ನೂ ಹಾಕಲೇ ಎಂದು ಕೇಳಿದನಂತೆ, ಅಗತ್ಯವಿಲ್ಲವೆಂದರಂತೆ. ಫಲಿತಾಂಶ ಬರಲು ಹಿಡಿದ ಎರಡು ವಾರ ಅವನು ಸಂಜೆಹೊತ್ತು ನನ್ನ ಮಂಡಿಗೆ ಬಂದು ಕೂರುತ್ತಿದ್ದ. ‘ಮಾಮಾ, ನೆಗೆಟಿವ್ ಬಂದರೆ ಏನು ಮಾಡಬೇಕೆಂದು ಮಾತನಾಡಿದ್ದೇವೆ. ಪಾಸಿಟಿವ್ ಬಂದರೆ ಏನೆಂದು ಅವಳೂ ಎತ್ತುತ್ತಿಲ್ಲ, ನಾನೂ ಎತ್ತುತ್ತಿಲ್ಲ’ ಎಂದ ಒಂದು ದಿನ. ಅಹಿಂಸೆಯ ಮನೆಯಲ್ಲಿ ಬೆಳೆದ ಇಬ್ಬರಿಗೆ ಆ ಮಾತನ್ನು ಎತ್ತುವುದು ಎಷ್ಟು ಭಾರವೆಂದು ನನಗೆ ಗೊತ್ತಿತ್ತು. ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ರಕ್ತ ಹಾಕಿಸಿಕೊಳ್ಳಬೇಕಾದ ಮಗುವಿನ ಹಿಂಸೆಯೂ ಹಿಂಸೆಯೇ ಎಂಬುದೂ ಗೊತ್ತಿತ್ತು. ನಾನು ಉಪದೇಶ ಮಾಡಲಿಲ್ಲ. ಈ ರೋಗದ ಮಕ್ಕಳಿಗೆ ಅಸ್ಥಿಮಜ್ಜೆಯ ಕಸಿ ಮಾಡುವ ಘಟಕವು ವಸಂತನಗರದ ಭಗವಾನ್ ಮಹಾವೀರ ಜೈನ ಆಸ್ಪತ್ರೆಯಲ್ಲಿಯೇ ಉಂಟೆಂಬುದನ್ನೂ, ಒಡಹುಟ್ಟಿದವರ ಮಜ್ಜೆ ಹೊಂದುವ ಸಂಭವ ನಾಲ್ಕರಲ್ಲೊಂದೆಂಬುದನ್ನೂ ಹೇಳಿ, ಇಬ್ಬರೂ ಸಲಹೆಗಾರರ ಬಳಿಗೆ ಒಟ್ಟಿಗೆ ಹೋಗಿ ಆ ಎತ್ತದ ಮಾತನ್ನು ಅವರೆದುರಿಗೆ ಎತ್ತಿರೆಂದೆ. ಹೋದರು.

ಆ ಶಿಶುವಿಗೆ ರೋಗವಿರಲಿಲ್ಲ. ತಂದೆತಾಯಿಯರಂತೆ ವಾಹಕ ಮಾತ್ರ. ಈಗ ಅವಳು ಶಾಲೆಗೆ ಹೋಗುತ್ತಾಳೆ. ಮೂರು ವರ್ಷಗಳ ಮೇಲೆ ಎರಡನೆಯ ಗರ್ಭ ನಿಂತಿತೆಂದು ಕೇಳಿದೆ. ಆಗಲೂ ಪರೀಕ್ಷೆಯಾಯಿತು, ಆಗಲೂ ಇಬ್ಬರೂ ಒಟ್ಟಿಗೆ ಹೋಗಿ ಕುಳಿತು ಕೇಳಿಸಿಕೊಂಡರು. ಏನು ಬಂತು, ಏನು ಮಾಡಿದರು ಎಂಬುದನ್ನು ಅವರು ಯಾರಿಗೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ನೋಂದಣಿ ಪುಸ್ತಕದ ಷರಾ ಅಂಕಣವನ್ನು ಸಮಿತಿಯವರು ಅಷ್ಟರಲ್ಲಿ ತೆಗೆದುಹಾಕಿದ್ದರು. ಅದರ ಬದಲಿಗೆ, ನಿಶ್ಚಿತಾರ್ಥಕ್ಕೆ ಮೊದಲು ವಧೂವರರಿಬ್ಬರೂ ಕೂಡಿ ವೈದ್ಯರನ್ನು ಕಂಡು ಬಂದಿದ್ದಾರೆಯೇ ಎಂದು ಕೇಳುವ ಒಂದು ಸಾಲಿದೆ. ಉತ್ತರಕ್ಕೆ ಹೌದು ಅಥವಾ ಇಲ್ಲ ಎಂದು ಬರೆಯುವಷ್ಟೇ ಜಾಗ.